ರಾಹೇಲವ್ವನ ಗುರುವಾರಗಳು

ನಾನು ಒಂದು ಮೈಕು. ಮೈಕು ಎಂದ ಕೂಡಲೇ ಮದುವೆ ಮಂಟಪದಲ್ಲಿ ಕಿರುಚುವ, ಚುನಾವಣೆ ಬಂದಾಗ ಜೀಪಿನ ನೆತ್ತಿ ಹತ್ತಿ ಕೂರುವ ಮೈಕನ್ನು ನೆನೆಸಿಕೊಳ್ಳಬೇಡಿ. ಆ ಕುಲವೇ ಬೇರೆ. ನಮಗೂ ಅವರಿಗೂ ಕೊಟ್ಟು ತರುವ ಸಂಬಂಧ ಇಲ್ಲ. ನಾನು ಸ್ಟುಡಿಯೋದ ಮೈಕು. ಬಾಗಿಲು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ನನ್ನ ಮುಂದೆ ಕೂತವರ ಮಾತು ಕೇಳುತ್ತ ಆಯುಷ್ಯ ಕಳೆದವನು. ಕೇಳುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ನನ್ನನ್ನು ಮಾಡಿದವರು ಕಿವಿ ಇಟ್ಟರು, ಬಾಯಿ ಇಡಲಿಲ್ಲ. ಅದರಿಂದ ನಾನು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಇವತ್ತು ಹೇಗೋ ಮಾತು ಸಿಕ್ಕಿದೆ, ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಜರ್ಮನಿಯ ಒಂದು ಸಣ್ಣ ಊರಿನ ಕಾರ್ಖಾನೆಯಲ್ಲಿ. ನನ್ನ ಎದೆಯೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಒಂದು ಪೊರೆ ಇದೆ. ನನ್ನ ಜೀವವೆಲ್ಲ ಅದರಲ್ಲೇ. ಅದನ್ನು ಚಿಮಟದಲ್ಲಿ ಹಿಡಿದು ಕೂರಿಸಿದ ಹೆಂಗಸು ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿದ್ದಳು. ಕೆಲಸ ಮುಗಿದು ಆಕೆ ಬಿಟ್ಟ ಉಸಿರೇ ನಾನು ಕೇಳಿದ ಮೊದಲ ಸದ್ದು. ಆಮೇಲೆ ಅಲ್ಲಿಯ ಒಂದು ದೇವಾಲಯದವರು, ಎಂದರೆ ಚರ್ಚಿನವರು, ನನ್ನನ್ನು ಕೊಂಡರು. ಭಾನುವಾರ ಬಂತೆಂದರೆ ಒಬ್ಬ ದಪ್ಪ ಬೋಧಕರು ನನ್ನ ಮುಂದೆ ನಿಂತು ಮೇಜು ಗುದ್ದುತ್ತಿದ್ದರು. ಅವರಿಗೆ ನನಗಿಂತ ಹೊಸಬ ಸಿಕ್ಕಿದ ಮೇಲೆ ನನ್ನನ್ನು ಹಳೆಯ ಉಣ್ಣೆಯ ಶಾಲಿನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಹಿಂದೂಸ್ಥಾನದ ಮಿಷನ್ನಿಗೆ ಉಡುಗೊರೆ ಎಂದು ಹಡಗು ಹತ್ತಿಸಿದರು. ಹಳತನ್ನು ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಬುದ್ಧಿ ಎಲ್ಲ ದೇಶದಲ್ಲೂ ಒಂದೇ ಎಂದು ಆಗಲೇ ಗೊತ್ತಾಯಿತು.

ಬಂದು ಇಳಿದದ್ದು ಹುಬ್ಬಳ್ಳಿಯಲ್ಲಿ. ದೇವಾಲಯದ ಹಿಂದೆ ಒಂದು ಕೋಣೆ ಇತ್ತು, ಮೊದಲು ಅಲ್ಲಿ ಮುರಿದ ಬೆಂಚು ಹಾಕುತ್ತಿದ್ದರಂತೆ. ಅದನ್ನು ಬಳಿದು, ಸಾರಿಸಿ ಸ್ಟುಡಿಯೋ ಮಾಡಿದ್ದರು. ಬೇರೆ ಕಡೆ ಸದ್ದು ಹೀರಲಿ ಎಂದು ಗೋಡೆಗೆ ಏನೇನೋ ಬೆಲೆಬಾಳುವ ಹಲಗೆ ಹೊಡೆಯುತ್ತಾರೆ. ಇಲ್ಲಿ ಸ್ತ್ರೀಯರ ಸಂಘದವರು ಹಳೇ ಸೀರೆ ಜೋಡಿಸಿ ಕೌದಿ ಹೊಲಿದು ನಾಲ್ಕೂ ಗೋಡೆಗೆ ತೂಗುಹಾಕಿದ್ದರು. ನಿಜ ಹೇಳುತ್ತೇನೆ, ಅಷ್ಟು ಹಿತವಾದ ಕೋಣೆ ನಾನು ಇನ್ನೊಂದು ಕಂಡಿಲ್ಲ. ಮಾತು ಗೋಡೆಗೆ ಬಡಿದು ವಾಪಸ್ಸು ಬರುತ್ತಲೇ ಇರಲಿಲ್ಲ.

ಆದರೆ ಮಾತು ಅಲ್ಲಿಂದ ನೇರ ಆಕಾಶಕ್ಕೂ ಹೋಗುತ್ತಿರಲಿಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಮುಂದಿನ ಗೋಳೆಲ್ಲ ಇದರದ್ದೇ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಸರಕಾರದ ಹೊರತು ಇನ್ನಾರೂ ರೇಡಿಯೋ ನಡೆಸುವಂತಿರಲಿಲ್ಲ. ಹಾಗಾಗಿ ನಮ್ಮ ಕೋಣೆಯಲ್ಲಿ ಆಡಿದ್ದನ್ನು ಟೇಪಿಗೆ ತುಂಬಿ, ತಗಡಿನ ಡಬ್ಬಿಯಲ್ಲಿಟ್ಟು, ಮುಂಬಯಿಗೆ ಕಳಿಸಬೇಕು. ಅಲ್ಲಿಂದ ವಿಮಾನದಲ್ಲಿ ಮಹಾಸಾಗರದ ನಡುವಿನ ಒಂದು ಚಿಕ್ಕ ದ್ವೀಪಕ್ಕೆ. ಆ ದ್ವೀಪದಲ್ಲಿ ನಮ್ಮ ರೇಡಿಯೋ ಕೇಂದ್ರದ ಎತ್ತರದ ಕಂಬಗಳು. ಯಾವ ಯಾವುದೋ ದೇಶದ ಭಾಷೆಗಳ ನಡುವೆ ಸಂಜೆ ಕಾಲು ಗಂಟೆ ಕನ್ನಡ. ಶಾರ್ಟ್‌ವೇವ್ ಆದ್ದರಿಂದ ಅದು ಸಮುದ್ರ, ಗಡಿ ಯಾವುದನ್ನೂ ಕೇಳದೆ ದಾಟಿ ಹೋಗುತ್ತಿತ್ತು. ಕೊಲ್ಲಿ ದೇಶದ ಗಾರೆ ಕೆಲಸದವರು, ಆಫ್ರಿಕದ ದಂಡೆಯಲ್ಲಿ ಅಂಗಡಿ ಇಟ್ಟವರು, ಹಡಗಿನ ಖಲಾಸಿಗಳು, ಎಲ್ಲರೂ ಕೇಳುತ್ತಿದ್ದರು. ಹುಬ್ಬಳ್ಳಿಯಲ್ಲೂ ಕೇಳುತ್ತಿತ್ತು. ಇಲ್ಲೇ ಆಡಿದ ಮಾತು ಅಷ್ಟು ದೂರ ಹೋಗಿ, ಐದಾರು ವಾರ ಬಿಟ್ಟು, ಗಾಳಿಯಲ್ಲಿ ತಿರುಗಿ ನಮ್ಮ ಕಿಟಕಿಗೇ ಬರುತ್ತಿತ್ತು. ಅದು ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ನನ್ನ ಎದುರಿಗೇ ಒಂದು ರೇಡಿಯೋ ಸೆಟ್ಟು ಇಟ್ಟಿದ್ದರು.

ನನ್ನ ಮುಂದೆ ಕೂರುತ್ತಿದ್ದವರು ಸಲೋಮಿ ಬಾಯಿ. ಮೊದಲು ಕನ್ನಡ ಶಾಲೆಯಲ್ಲಿ ಟೀಚರು. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ. ಮಕ್ಕಳಿಲ್ಲ. ತವರು ಗದುಗಿನ ಪಕ್ಕದ ಬೆಟಗೇರಿ. ಬಾಯಿ ಒಳಗೆ ಬಂದರೆ ಮೊದಲು ಸೆರಗು ತಲೆಗೆ ಹಾಕಿಕೊಂಡು ಒಂದು ನಿಮಿಷ ಕಣ್ಣು ಮುಚ್ಚುತ್ತಿದ್ದರು, ಆಮೇಲೆ ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೇರೆಯವರು ಬಂದರೆ ನನಗೆ ಏನೇನು ವಾಸನೆ ಅಂತೀರಿ! ಬಳ್ಳೊಳ್ಳಿ ಖಾರ, ಬೀಡಿ, ಎಲೆಅಡಿಕೆಯ ಕವಳ. ಒಬ್ಬ ಗಾಯಕರಂತೂ ಹಾಡುತ್ತ ಹಾಡುತ್ತ ನನ್ನನ್ನು ನುಂಗಿಯೇಬಿಡುತ್ತಾರೇನೋ ಎಂದು ಹೆದರುತ್ತಿದ್ದೆ. ಬಾಯಿಯವರದು ಹಾಗಲ್ಲ. ಒಂದು ಗೇಣು ದೂರ ಕೂತು, ಪಕ್ಕದ ಮನೆಯವಳ ಹತ್ತಿರ ಮಾತಾಡಿದಂತೆ ಮಾತಾಡುವರು. ಕೆಂಪು ದೀಪ ಹತ್ತಿದರೆ ನಾಟಕದವರ ಹಾಗೆ ದನಿ ಬದಲಿಸುವ ಚಾಳಿ ಅವರಿಗಿರಲಿಲ್ಲ. ನನಗೆ ಅವರೆಂದರೆ ಪ್ರಾಣ.

ಗಾಜಿನ ಆಚೆ ಟೇಪು ಓಡಿಸುತ್ತಿದ್ದವರು ಗಂಗಾಧರ ಪತ್ತಾರರು. ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರನ್ನು ಮಿಷನ್ನಿನವರು ಕೆಲಸಕ್ಕೆ ಕರೆದಿದ್ದರು. ಎಲ್ಲಕ್ಕೂ ಮೇಲೆ ಸುವಾರ್ತಪ್ಪ ಅಯ್ಯನವರು. ದೇವಾಲಯದ ಪಾದ್ರಿಗಳು, ಸ್ಟುಡಿಯೋದ ಜವಾಬ್ದಾರಿಯೂ ಅವರದೇ. ಒಳ್ಳೆಯ ಮನುಷ್ಯ, ಆದರೆ ನಿಯಮ ಎಂದರೆ ನಿಯಮ. ಅವರ ನಿಯಮಗಳಲ್ಲಿ ಒಂದು ದ್ವೀಪದ ಕೇಂದ್ರದಿಂದಲೇ ಬಂದದ್ದು: ರೇಡಿಯೋದಲ್ಲಿ ಯಾರೊಬ್ಬರಿಗೂ ಖಾಸಗಿ ಸಂದೇಶ ಕಳಿಸಬಾರದು. ಇಂಥವನೇ ಊರಿಗೆ ಬಾ, ಇಂಥವಳೇ ಚೆನ್ನಾಗಿದ್ದೀಯಾ ಎಂದೆಲ್ಲ ಅಂದರೆ, ಗೂಢಚಾರರ ಮಾತೆಂದು ತಿಳಿದು ಆ ದ್ವೀಪದ ಸರಕಾರ ಕೇಂದ್ರವನ್ನೇ ಮುಚ್ಚಿಸಬಹುದಂತೆ.

ಸಲೋಮಿ ಬಾಯಿಗೆ ಒಬ್ಬನೇ ತಮ್ಮ, ದಾನಿಯೇಲ. ಹದಿನೆಂಟು ತುಂಬುವ ಮೊದಲೇ ಮನೆ ಬಿಟ್ಟವನು. ಕತೆ ಇಷ್ಟೇ. ಅವನ ಸ್ಥಿರೀಕರಣದ ಭಾನುವಾರ, ಅಂದರೆ ಸಭೆಯ ಮುಂದೆ ನಿಂತು ನಂಬಿಕೆ ಒಪ್ಪಿಕೊಳ್ಳಬೇಕಾದ ದಿನ, ಈ ಮಹಾರಾಯ ಶನಿವಾರ ರಾತ್ರಿಯೆಲ್ಲ ಗದುಗಿನಲ್ಲಿ ಕಂಪನಿ ನಾಟಕ ನೋಡಿ, ಮುಖದ ಬಣ್ಣವನ್ನೂ ಪೂರಾ ತೊಳೆಯದೆ ದೇವಾಲಯಕ್ಕೆ ಬಂದ. ನಾಟಕ ನೋಡಿದ್ದಲ್ಲ, ಸೈನಿಕನ ವೇಷ ಹಾಕಿ ಈಟಿ ಹಿಡಿದು ನಿಂತಿದ್ದ ಎಂದು ಆಮೇಲೆ ತಿಳಿಯಿತು. ತಾಯಿ ರಾಹೇಲವ್ವ ಹೆಂಗಸರ ಸಾಲಿನಿಂದ ಎದ್ದು ಬಂದು, ಇಡೀ ಸಭೆಯ ಎದುರು ಕಪಾಳಕ್ಕೆ ಹೊಡೆದು, ‘ನನ್ನ ಹೊಸ್ತಲಾ ತುಳೀಬ್ಯಾಡ’ ಅಂದಳು. ಅವನು ತುಳಿಯಲಿಲ್ಲ. ಕಂಪನಿ, ಮುಂಬಯಿ, ಅಲ್ಲಿಂದ ಹಡಗು. ಹಬ್ಬಕ್ಕೂ ಬರಲಿಲ್ಲ, ತಂದೆ ಸತ್ತಾಗಲೂ ಬರಲಿಲ್ಲ. ಅವ್ವನೂ ಹಟಮಾರಿ, ಮಗನೂ ಹಟಮಾರಿ. ನಡುವೆ ಅಳುವುದು ಅಕ್ಕನ ಪಾಲಿಗೆ.

ಅವನು ಬದುಕಿದ್ದಾನೆಂದು ತಿಳಿದದ್ದು ನನ್ನ ಎದುರಿಗೇ. ಕಾರವಾರ ಕಡೆಯ ಒಬ್ಬ ಖಲಾಸಿ ರಜೆಗೆ ಬಂದವನು, ರೇಡಿಯೋದಲ್ಲಿ ಕೇಳಿದ ವಿಳಾಸ ಹುಡುಕಿಕೊಂಡು ನಮ್ಮ ಸ್ಟುಡಿಯೋ ನೋಡಲು ಬಂದಿದ್ದ.

‘ನಿಮ್ಮ ಕಡೆಯೋನು ಒಬ್ಬ ಇದ್ದ ನಮ್ಮ ಹಡಗಲ್ಲಿ’ ಎಂದು ಅವನು ಬಾಯಿಗೆ ಹೇಳಿದ. ‘ಎಂಜಿನ್ನಿಗೆ ಎಣ್ಣೆ ಬಿಡೂ ಕೆಲ್ಸ. ಸಂಜೆ ನಿಮ್ಮ ದನಿ ಬಂತು ಅಂದ್ರೆ ಡೆಕ್ ಮೇಲೆ ಒಬ್ನೇ ಕೂತು ಕೇಳ್ತಿದ್ದ. ಯಾರಾದ್ರೂ ಮಾತಾಡಿದ್ರೆ ಹೊಡಿಯೂಕೇ ಬರ್ತಿದ್ದ.’

‘ಹೆಸರೇನ್ರಿ ಅವಂದು?’

‘ದಾನಿಯೇಲ.’

ಬಾಯಿ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡರು. ಈಗ ಎಲ್ಲಿ ಎಂದು ಕೇಳಿದರೆ ಆ ಖಲಾಸಿಗೆ ಗೊತ್ತಿಲ್ಲ. ದಾನಿಯೇಲ ಹಡಗು ಬದಲಿಸಿ ಹೋಗಿದ್ದ. ಹಳೆಯ ಹಡಗಿನ ಕಂಪನಿಗೆ ಬಾಯಿ ಬರೆದ ಕಾಗದ ಹೋದ ಹಾಗೆಯೇ ವಾಪಸ್ಸು ಬಂತು. ಅವನಿಗೆ ಅಕ್ಕ ಎಲ್ಲಿದ್ದಾಳೆಂದು ಗೊತ್ತು, ಅಕ್ಕನಿಗೆ ಅವನು ಎಲ್ಲಿದ್ದಾನೆಂದು ಗೊತ್ತಿಲ್ಲ. ಅಕ್ಕನ ದನಿ ಅವನಿಗೆ ದಿನಾ ಕೇಳುತ್ತದೆ, ಅವನ ದನಿ ಅಕ್ಕನಿಗೆ ಕೇಳುವುದಿಲ್ಲ. ಅಂದಿನಿಂದ ಬಾಯಿ ನನ್ನ ಮುಂದೆ ಕೂತಾಗ ಒಂದು ಗೇಣಿನ ದೂರ ನಾಲ್ಕು ಬೆರಳಿಗೆ ಇಳಿಯಿತು. ಪತ್ತಾರರು ಗಾಜಿನ ಆಚೆಯಿಂದ ಹಿಂದೆ ಸರಿಯಿರಿ ಎಂದು ಕೈ ಮಾಡಿದರೂ ಗಮನವಿಲ್ಲ.

ಹೀಗಿರುವಾಗ ರಾಹೇಲವ್ವ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ. ಕೊಯ್ದು ತೆಗೆಯುವ ಹಂತ ದಾಟಿದೆ ಎಂದುಬಿಟ್ಟರು ಡಾಕ್ಟರರು. ಬಾಯಿ ಬೆಳಗಿನ ಗಾಡಿಗೆ ಗದುಗಿಗೆ ಹೋಗಿ, ಮಧ್ಯಾಹ್ನದ ಗಾಡಿಗೆ ಬಂದು, ಸೀದಾ ಸ್ಟುಡಿಯೋಕ್ಕೆ ಬರುವರು. ಒಂದು ದಿನ ಬಂದವರು ಲವಂಗವನ್ನೂ ಹಾಕಿಕೊಳ್ಳಲಿಲ್ಲ. ಅಯ್ಯನವರ ಮುಂದೆ ಕೈ ಜೋಡಿಸಿ ನಿಂತರು.

‘ಅಯ್ಯನವರ, ಅವ್ವ ಏನಂದ್ಲು ಗೊತ್ತೈತೇನ್ರಿ? “ನಿನ್ನ ಮಾತು ಸಮುದ್ರ ದಾಟ್ತೈತಂತಲ್ಲ, ಅವಂಗ ಬಾ ಅನ್ನು. ಅಷ್ಟ ಅನ್ನು, ಸಾಕು” ಅಂದ್ಲು. ಇಷ್ಟು ವರ್ಷದಾಗ ಆಕಿ ಬಾಯಾಗ ಅವನ ಸುದ್ದಿ ಬಂದಿದ್ದು ಇದ ಮೊದಲು. ಒಂದ ಮಾತು ಅಂತೀನ್ರಿ. ದಾನ್ಯಾ ಬಾ, ಅಂತ.’

ಅಯ್ಯನವರು ತಲೆಯಾಡಿಸಿದರು. ‘ಬಾಯಿ, ನಿನ್ನ ಸಂಕಟ ನನಗ ತಿಳೀದ? ಆದ್ರ ನಾ ಹ್ಯಾಂಗ ಹೂಂ ಅನ್ನಲಿ? ನಾಳೆ ಕೇಂದ್ರಕ್ಕ ಏನರ ಆತಂದ್ರ ಅಷ್ಟೂ ಭಾಷೆಯೋರ ಬಾಯಿ ಮುಚ್ಚಿದ್ಹಂಗ ಆಗ್ತದ.’ ಆಮೇಲೆ ಅವರೇ, ‘ಗುರುವಾರದ ಪ್ರಾರ್ಥನೆಯೊಳಗ ಅವ್ವನ ಹೆಸರು ಹಾಕು. ಅದಕ್ಕ ಯಾರೂ ಏನೂ ಅನ್ನೂಹಂಗಿಲ್ಲ. ಕೇಳಿದ್ರ ಅಂವಾ ತಾನ ತಿಳಕೊಳ್ಳಂಗಿಲ್ಲೇನು?’ ಅಂದರು.

ಗುರುವಾರದ ಪ್ರಾರ್ಥನೆ ಎಂದರೆ ನಮ್ಮಲ್ಲಿ ಒಂದು ಪದ್ಧತಿ. ಕೇಳುಗರು ಬರೆದ ಕಾಯಿಲೆಯವರ ಹೆಸರು, ಊರು ಓದಿ, ಅವರ ಸಲುವಾಗಿ ಪ್ರಾರ್ಥಿಸುವುದು. ಒಬ್ಬರ ಹೆಸರು ಸೇರಿತೆಂದರೆ ನಾಲ್ಕು ಗುರುವಾರ ಇರಬೇಕು. ಆ ನಾಲ್ಕನ್ನೂ ಬಾಯಿ ಒಂದೇ ಸಲಕ್ಕೆ ಕೂತು ಓದಿ, ಟೇಪು ಮಾಡಿಬಿಡುತ್ತಿದ್ದರು. ಹಾಗೆಯೇ ಅವತ್ತೂ ಓದಿದರು. ಉಳಿದ ಹೆಸರುಗಳನ್ನೆಲ್ಲ ಎಂದಿನಂತೆ ಓದಿ, ‘ಬೆಟಗೇರಿಯ ರಾಹೇಲವ್ವ, ಹಾಸಿಗೆ ಹಿಡಿದಿದ್ದಾರೆ, ಕರ್ತನೇ, ಈ ತಾಯಿಗೆ ಬಲ ಕೊಡು, ಅವಳ ಮನಸ್ಸಿನ ಆಸೆ ನೆರವೇರಿಸು’ ಎಂದರು. ಆಸೆ ಎಂಬ ಮಾತಿಗೆ ಅವರ ಉಸಿರು ನನ್ನ ಪೊರೆಗೆ ಬಡಿಯಿತು. ನಾಲ್ಕು ಸಲವೂ ಬಡಿಯಿತು. ಟೇಪು ಡಬ್ಬಿ ಸೇರಿ ಮುಂಬಯಿ ದಾರಿ ಹಿಡಿಯಿತು.

ಟೇಪು ಹೋಗಿ ವಾರ ತುಂಬುವುದರೊಳಗೆ ರಾಹೇಲವ್ವ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೂರನೆಯ ದಿನ ಬಾಯಿ ಕೆಲಸಕ್ಕೆ ಬಂದರು. ಅಯ್ಯನವರು ಕಾದು ಕೂತಿದ್ದರು. ಸಮಾಧಾನದ ನಾಲ್ಕು ಮಾತು ಹೇಳಿ, ಆಮೇಲೆ ಹೇಳಬೇಕಾದ್ದಕ್ಕೆ ಬಂದರು. ‘ದ್ವೀಪಕ್ಕ ತಂತಿ ಕೊಡೂಣು ಅಂತೀನಿ. ಆ ನಾಲ್ಕು ಟೇಪ್ ಬಿಟ್ಟು, ಅವರ ಹತ್ರ ಇರೂ ಹಳೇವು ಹಾಕಲಿ.’

‘ಬ್ಯಾಡ್ರಿ.’

‘ಬ್ಯಾಡ ಅಂದ್ರ ಹ್ಯಾಂಗ? ಸತ್ತವರ ಸಲುವಾಗಿ ನಾವು ಪ್ರಾರ್ಥನೆ ಮಾಡೂ ಮಂದಿ ಅಲ್ಲ. ಅವರು ದೇವರ ಕೈ ಸೇರಿದ ಮ್ಯಾಲೆ ನಮ್ಮ ಮಾತಿಗೆ ಅಲ್ಲಿ ಕೆಲಸ ಇಲ್ಲ. ಇದನ್ನ ನಾನ ಪೀಠದ ಮ್ಯಾಲೆ ನಿಂತು ಕಲಿಸೀನಿ. ಈಗ ಮಣ್ಣಾಗ ಇಟ್ಟು ಬಂದವರಿಗೆ ಬಲ ಕೊಡು ಅಂತ ಲೋಕಕ್ಕೆಲ್ಲಾ ಕೇಳೂಹಂಗ ಬೇಡೂದಾ?’

ಬಾಯಿ ನನ್ನ ಮುಂದಿನ ಕುರ್ಚಿಯಲ್ಲಿ ಕೂತರು. ‘ಅಯ್ಯನವರ, ಅವ್ವಗ ಪ್ರಾರ್ಥನಾ ಬ್ಯಾಡ್ರಿ. ಆಕಿ ಮುಟ್ಟೂದು ಮುಟ್ಯಾಳ. ಇದು ದಾನ್ಯಾನ ಸಲುವಾಗಿ. ಸತ್ಲು ಅಂತ ಕೇಳಿದ್ರ ಅಂವಾ ಬರಂಗಿಲ್ಲ. ಅಪ್ಪ ಸತ್ತಾಗ ಬಂದನೇನು? ಜಡ್ಡಾಗಿ ಬಿದ್ದಾಳ ಅಂದ್ರ ಬರ್ತಾನ. ಅವ್ವನ ಮಾತು ನಾ ಗಾಳಿಯೊಳಗ ಆಡ್ಲಿಕ್ಕ ಆಗ್ಲಿಲ್ಲ, ಅಂವಾ ಬಂದ್ರ ಎದುರಿಗೆ ನಿಂತು ಆಡ್ತೀನಿ. ಅದೊಂದು ಉಳದೈತಿ ನನಗ. ಅದನ್ನ ಕಸೀಬ್ಯಾಡ್ರಿ.’

ಅಯ್ಯನವರು ತಂತಿ ಕೊಡಲಿಲ್ಲ. ಕೊಡೆ ತೆಗೆದುಕೊಂಡು ಎದ್ದು ಹೋದರು.

ನನ್ನ ಮಾತು ಕೇಳಿ ಈಗ. ಆ ನಾಲ್ಕು ಟೇಪಿನೊಳಗೆ ಇದ್ದದ್ದೆಲ್ಲ ನನ್ನ ಎದೆ ದಾಟಿ ಹೋದದ್ದು. ಅದು ಸುಳ್ಳಾಗಿಬಿಟ್ಟಿದೆ ಎಂದು ನನಗೆ ಗೊತ್ತು. ಆಡುವಾಗ ನಿಜವೇ ಆಗಿತ್ತು, ದಾರಿಯಲ್ಲಿ ಸುಳ್ಳಾಯಿತು. ಕೂಗಿ ಹೇಳೋಣವೆಂದರೆ ಬಾಯಿಲ್ಲ, ಹೋಗಿ ತಡೆಯೋಣವೆಂದರೆ ಕಾಲಿಲ್ಲ. ಒಂದು ಸ್ಟ್ಯಾಂಡಿಗೆ ಸಿಕ್ಕಿಸಿದ ಕಡೆ ಸಿಕ್ಕಿಕೊಂಡು, ಕೌದಿಯ ಹೂವು ನೋಡುತ್ತ ಕೂತಿದ್ದೆ. ನನ್ನ ಪಾಡು ಹಾಳಾಗಲಿ, ಬಾಯಿಯವರ ಪಾಡು ನೋಡಿ. ಮೊದಲನೆಯ ಗುರುವಾರ ಬಂತು. ಸಂಜೆ ಎದುರಿನ ಸೆಟ್ಟಿನಲ್ಲಿ ಅವರದೇ ದನಿ, ಸತ್ತ ತಾಯಿಗೆ ಬಲ ಬೇಡುತ್ತಿದೆ. ಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತು ಕೇಳಿದರು. ಎರಡನೆಯ ಗುರುವಾರವೂ ಅದೇ. ಬಾಗಿಲಾಚೆ ಸೈಕಲ್ ಗಂಟೆ ಬಾರಿಸಿದರೂ ತಿರುಗಿ ನೋಡುತ್ತಿದ್ದರು.

ಮೂರನೆಯ ಗುರುವಾರ ಅವನು ಬಂದ.

ಸಂಜೆ ಕಾರ್ಯಕ್ರಮ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಪತ್ತಾರರು ಸೆಟ್ಟಿನ ಕಿವಿ ತಿರುಗಿಸಿ ದನಿ ಸರಿಮಾಡುತ್ತಿದ್ದರು, ಅಯ್ಯನವರು ಬೆಂಚಿನ ಮೇಲಿದ್ದರು, ಬಾಯಿ ಗೋಡೆಗೆ ಒರಗಿ ನಿಂತಿದ್ದರು. ಬಾಗಿಲು ದೂಡಿಕೊಂಡು ಒಬ್ಬ ಒಳಗೆ ಬಂದ. ಕರ್ರಗೆ ಸುಟ್ಟ ಮುಖ, ಹೆಗಲಿಗೆ ಕ್ಯಾನ್ವಾಸಿನ ಚೀಲ, ಎರಡು ದಿನದ ರೈಲಿನ ಧೂಳು. ಅಕ್ಕನನ್ನು ನೋಡಿದ. ಅಕ್ಕ ಅವನನ್ನು ನೋಡಿದರು. ಅಷ್ಟರಲ್ಲಿ ಸೆಟ್ಟು ಅಂದಿತು: ‘ಬೆಟಗೇರಿಯ ರಾಹೇಲವ್ವ, ಹಾಸಿಗೆ ಹಿಡಿದಿದ್ದಾರೆ.’

ಅವನು ಚೀಲವನ್ನು ಧೊಪ್ಪನೆ ಕೆಳಗಿಟ್ಟ. ಅಲ್ಲೇ ಬಾಗಿಲಲ್ಲೇ ಕಣ್ಣು ಮುಚ್ಚಿ, ಕೈ ಜೋಡಿಸಿ, ಪ್ರಾರ್ಥನೆ ಮುಗಿಯುವವರೆಗೂ ನಿಂತು, ‘ಆಮೆನ್’ ಅಂದ. ಕಣ್ಣು ತೆರೆದಾಗ ಮುಖದಲ್ಲಿ ಅದೆಂಥ ಹಗುರ! ‘ಇನ್ನೂ ಅದಾಳಲ್ಲ ಅಕ್ಕಾ. ದೇವರು ದೊಡ್ಡಾಂವ. ಸಮುದ್ರದಾಗ ಒಂದ್ಸಲ ಕೇಳ್ದೆ, ಕೊಲಂಬೋದಾಗ ಒಂದ್ಸಲ ಕೇಳ್ದೆ. ಕ್ಯಾಪ್ಟನ್ನಗ ಹೇಳ್ದೆ, ಬಿಡಲಿಲ್ಲ, ಹಡಗ ಬಿಟ್ಟು ಇಳದು ಬಂದೆ. ದಾರಿಪೂರ್ತಿ ಬೇಡಕೋತ ಬಂದೀನಿ, ನಾ ಮುಟ್ಟೂತನಾ ಇಟ್ಟಿರಪಾ ಅಂತ. ಎಷ್ಟು ವರ್ಷ ಆಗಿತ್ತು ನನ್ನ ಬಾಯಾಗ ದೇವರ ಹೆಸರು ಬಂದು... ಯಾಕ ಸುಮ್ಮನಿದ್ದಿ? ಅವ್ವನ್ನ ಬೆಟಗೇರಿಯಾಗ ಇಟ್ಟೀರೋ, ಇಲ್ಲೇ ಕರಕೊಂಡು ಬಂದೀರೋ?’

ಸಲೋಮಿ ಬಾಯಿ ಮಾತಾಡಲಿಲ್ಲ. ಲೋಕಕ್ಕೆಲ್ಲ ಮಾತಾಡುವ ಹೆಂಗಸು, ಒಡಹುಟ್ಟಿದವನ ಮುಂದೆ ತುಟಿ ಬಿಗಿದು ನಿಂತಿದ್ದರು. ಆದರೆ ಅವರ ದನಿ ಮಾತಾಡುತ್ತಲೇ ಇತ್ತು. ಸೆಟ್ಟಿನೊಳಗಿಂದ ಅದು ಮುಂದಿನ ಕಾಯಿಲೆಯವರ ಹೆಸರು ಓದುತ್ತಿತ್ತು, ಇನ್ನೊಬ್ಬರ ಊರು ಓದುತ್ತಿತ್ತು. ದಾನಿಯೇಲ ಸೆಟ್ಟನ್ನು ನೋಡಿದ. ಅಕ್ಕನ ಮುಚ್ಚಿದ ಬಾಯಿಯನ್ನು ನೋಡಿದ. ಮತ್ತೆ ಸೆಟ್ಟನ್ನು ನೋಡಿದ. ಹಡಗಿನಲ್ಲಿ ಅಷ್ಟು ವರ್ಷ ಕೇಳಿದರೂ, ಅಕ್ಕ ಆ ಹೊತ್ತಿಗೇ ಎಲ್ಲೋ ಕೂತು ಆಡುತ್ತಾಳೆ, ತಾನು ಆ ಹೊತ್ತಿಗೇ ಕೇಳುತ್ತೇನೆ ಎಂದೇ ತಿಳಿದಿದ್ದನಂತೆ ಪಾಪ. ಯಾರಾದರೂ ಹಾಗೇ ತಿಳಿಯುತ್ತಾರೆ.

‘ಇದು ಯಾವತ್ತು ಅಂದಿದ್ದು?’ ಅಂದ.

ಪತ್ತಾರರು ತಲೆ ತಗ್ಗಿಸಿ, ಸೆಟ್ಟು ಆರಿಸಲು ಕೈ ಹಾಕಿದರು. ‘ಆರಿಸಬ್ಯಾಡ್ರಿ’ ಅಂದ. ಮತ್ತೆ, ‘ಅಕ್ಕಾ, ಯಾವತ್ತು ಅಂದಿದ್ದು ಇದು?’

‘ಒಂದೂವರಿ ತಿಂಗಳಾತು.’

‘ಅವ್ವ?’

‘ಅದಾದ ವಾರದಾಗ...’

ಅವನು ನೆಲದ ಮೇಲೆ ಕೂತುಬಿಟ್ಟ. ಅಳಲಿಲ್ಲ. ಕೂತಲ್ಲಿಂದಲೇ ಕೇಳಿದ, ‘ಏನರ ಅಂದಿದ್ಲೇನು ನನಗ?’

‘ಬಾ ಅನ್ನು ಅಂದಿದ್ಲು. ಅಷ್ಟ ಅನ್ನು, ಸಾಕು ಅಂದಿದ್ಲು.’

‘ಆ ಮಾತು ರೇಡಿಯೋದಾಗ ಬರಲಿಲ್ಲಲ್ಲ?’

‘ಆಡೂಹಂಗ ಇರಲಿಲ್ಲೋ ತಮ್ಮಾ.’

‘ಬಲ ಕೊಡು, ಬಲ ಕೊಡು ಅಂತ ಮಾತ್ರ ಆಡೂಹಂಗ ಇತ್ತು’ ಎಂದ ಅವನು. ಸಿಟ್ಟಿನಿಂದ ಅಲ್ಲ, ಸಿಟ್ಟು ಮಾಡಿದ್ದರೆ ಬಾಯಿಗೆ ಎಷ್ಟೋ ಸುಲಭವಾಗುತ್ತಿತ್ತು. ‘ಮಣ್ಣಾಗಿದ್ದಾಕಿಗೆ ನಾ ಆಯುಷ್ಯ ಬೇಡಕೋತ ಬಂದೆನಲ್ಲ ಅಕ್ಕಾ.’ ಬಾಯಿ ಅವನ ಪಕ್ಕದಲ್ಲಿ ಕೂತು ತಲೆ ಮುಟ್ಟಲು ಹೋದರು. ಅವನು ತಲೆ ಸರಿಸಿದ.

ಮರುದಿನ ಅಕ್ಕ ತಮ್ಮ ಬೆಟಗೇರಿಗೆ ಹೋದರು. ಅವನು ತಾಯಿಯ ಸಮಾಧಿ ನೋಡಿ ಬಂದವನು ಊಟ ಮಾಡಿದ, ನಿದ್ದೆ ಮಾಡಿದ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಒಂದು ಹನಿ ಕಣ್ಣೀರು ಇಲ್ಲ. ಅದೇ ತಮಗೆ ಭಯ ಎಂದು ಬಾಯಿ ಪತ್ತಾರರ ಹತ್ತಿರ ಹೇಳುತ್ತಿದ್ದರು. ಮುಂದಿನ ಗುರುವಾರ ಸಂಜೆ ಅವನೇ ಸ್ಟುಡಿಯೋಕ್ಕೆ ಬಂದು ಸೆಟ್ಟಿನ ಎದುರು ನೆಲದ ಮೇಲೆ ಕೂತ.

‘ಯಾಕೋ ತಮ್ಮಾ, ಮತ್ತ ಇದನ್ನ ಕೇಳ್ತೀ?’ ಎಂದರು ಬಾಯಿ.

‘ಅಲ್ಲಿ ಬರೇ ಮಣ್ಣಿನ ಗುಡ್ಡಿ ಐತಿ. ಅವ್ವ ಅಲ್ಲಿಲ್ಲ’ ಅಂದ. ಸೆಟ್ಟಿನ ಕಡೆ ಕೈ ಮಾಡಿದ. ‘ಇಲ್ಲಿ ಇನ್ನೂ ಅದಾಳ.’

ನಾಲ್ಕನೆಯ ಟೇಪು ಬಂತು. ಬೆಟಗೇರಿಯ ರಾಹೇಲವ್ವ ಹಾಸಿಗೆ ಹಿಡಿದಿದ್ದಾರೆ ಎಂದಿತು. ಬಲ ಕೊಡು ಎಂದಿತು. ಎಲ್ಲ ತಿಳಿದೂ ಅವನು ಕೈ ಜೋಡಿಸಿ ‘ಆಮೆನ್’ ಅಂದ, ಗಟ್ಟಿಯಾಗಿ. ಬಾಯಿ ಅಯ್ಯನವರ ಮುಖ ನೋಡಿದರು. ಅಯ್ಯನವರ ತುಟಿ ಅಲುಗಿತು. ಆಮೆನ್ನಿನ ‘ಆ’ ಎಂಬಷ್ಟು ತೆರೆಯಿತು. ದನಿ ಹೊರಟಿದ್ದರೆ ನನಗೆ ಕೇಳದೆ ಇರುತ್ತಿರಲಿಲ್ಲ. ಅವರು ಕನ್ನಡಕ ತೆಗೆದು, ಕೊಡೆಯನ್ನು ಅಲ್ಲೇ ಮರೆತು ಹೊರಗೆ ನಡೆದುಬಿಟ್ಟರು.

ಐದನೆಯ ಗುರುವಾರವೂ ಅವನು ಬಂದ. ಇನ್ನು ಅವ್ವನ ಹೆಸರು ಇಲ್ಲ, ಆ ನಾಲ್ಕು ಮುಗಿದವು ಎಂದು ಬಾಯಿ ಮೊದಲೇ ಹೇಳಿದ್ದರು. ಗೊತ್ತು ಅಂದಿದ್ದ. ಆದರೂ ಬಂದು ಅಲ್ಲೇ ಕೂತ. ಆ ಟೇಪು ಬಾಯಿ ತಾಯಿಯನ್ನು ಮಣ್ಣು ಮಾಡಿ ಬಂದ ಮೇಲೆ ನನ್ನ ಮುಂದೆ ಓದಿದ್ದು. ಪ್ರಾರ್ಥನೆ ಶುರುವಾಯಿತು. ಹಾನಗಲ್ಲಿನ ಒಬ್ಬರು, ಉಡುಪಿಯ ಒಬ್ಬರು, ಮಸ್ಕತ್ತಿನಲ್ಲಿ ಮೆಟ್ಟಿಲಿನಿಂದ ಬಿದ್ದ ಒಬ್ಬರು. ದಾನಿಯೇಲ ಒಂದೊಂದು ಹೆಸರಿಗೂ ಕತ್ತು ಮುಂದೆ ಚಾಚಿ ಕೇಳಿದ. ಹೆಸರುಗಳು ಮುಗಿದವು. ಆಮೆನ್ ಆಯಿತು. ಹಾಡು ಬಂತು. ‘ನಾಳೆ ಇದೇ ಹೊತ್ತಿಗೆ ಭೇಟಿಯಾಗೋಣ’ ಎಂದು ಬಾಯಿಯ ದನಿ ಹೇಳಿತು. ಆಮೇಲೆ ಸೆಟ್ಟಿನಲ್ಲಿ ಬೇರೆ ಯಾವುದೋ ಭಾಷೆ ಶುರುವಾಯಿತು.

ಅವನು ತಿರುಗಿ ಅಕ್ಕನನ್ನು ನೋಡಿದ.

‘ಈಗ ಹ್ವಾದ್ಲು ನೋಡು ಅವ್ವ’ ಅಂದ.

ಅಂದವನೇ ಅಕ್ಕನ ಮಡಿಲಿಗೆ ತಲೆ ಹಾಕಿ ಅತ್ತ. ಎಂಜಿನ್ನಿನ ಸದ್ದಿನಲ್ಲೂ ಕೇಳುವಂತೆ ಮಾತಾಡಿ ರೂಢಿಯಾದ ದೊಡ್ಡ ಗಂಟಲು ಅವನದು. ಕೌದಿಗಳು ಎಷ್ಟು ಹೀರಿದರೂ ಸಾಲಲಿಲ್ಲ. ಕೆಂಪು ದೀಪ ಹತ್ತಿರಲಿಲ್ಲ; ನನ್ನ ತಂತಿ ಎಲ್ಲಿಗೂ ಸೇರಿರಲಿಲ್ಲ. ನನ್ನ ಪೊರೆ ಅದುರುತ್ತಲೇ ಇತ್ತು. ಅದನ್ನು ಯಾರಿಗೂ ಮುಟ್ಟಿಸಲು ನನ್ನಿಂದ ಆಗಲಿಲ್ಲ.

ಅವನು ಹಡಗಿಗೆ ತಿರುಗಿ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಇಳಿದು ಹೋದವನನ್ನು ಯಾವ ಹಡಗಿನವರೂ ತಗೊಳ್ಳುವುದಿಲ್ಲವಂತೆ. ಹುಬ್ಬಳ್ಳಿಯಲ್ಲೇ ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಅಕ್ಕನ ಮನೆಯ ಹಿಂದಿನ ಗಲ್ಲಿಯಲ್ಲೇ ಇದ್ದ, ಹಬ್ಬಕ್ಕೆ ಊಟಕ್ಕೆ ಬರುತ್ತಿದ್ದ. ರೇಡಿಯೋ ಮಾತ್ರ ಮತ್ತೆ ಕೇಳಲಿಲ್ಲವೆಂದು ಬಾಯಿ ಹೇಳುತ್ತಿದ್ದರು. ಅಷ್ಟು ವರ್ಷ ಸಮುದ್ರದಾಚೆ ಕೂತು ಅಕ್ಕನ ದನಿಗೆ ಕಾದವನು, ಹಿಂದಿನ ಗಲ್ಲಿಗೆ ಬಂದ ಮೇಲೆ ಕಿವಿ ಮುಚ್ಚಿಕೊಂಡ. ಅದನ್ನು ಹೇಳುವಾಗ ಬಾಯಿ ನಗಲು ನೋಡುತ್ತಿದ್ದರು, ಆಗುತ್ತಿರಲಿಲ್ಲ.

ಬಾಯಿ ಮತ್ತೂ ಬಹಳ ವರ್ಷ ನನ್ನ ಮುಂದೆ ಕೂತರು. ಆದರೆ ಗುರುವಾರದ ಪ್ರಾರ್ಥನೆಯ ಮಾತು ಬದಲಾಗಿತ್ತು. ಗುಣಮಾಡು, ಬಲ ಕೊಡು, ಎಬ್ಬಿಸಿ ಕೂರಿಸು ಎಂದು ಅವರು ಮತ್ತೆ ಬೇಡಲಿಲ್ಲ. ಹೆಸರು, ಊರು ಓದಿ, ‘ಕರ್ತನೇ, ಇವರು ಎಲ್ಲಿದ್ದರೂ ನಿನ್ನ ಕೈಯಲ್ಲಿರಲಿ’ ಎನ್ನುತ್ತಿದ್ದರು, ಅಷ್ಟೇ. ಬದುಕಿದ್ದರೂ ಸಲ್ಲುವ ಮಾತು, ಹೋಗಿದ್ದರೂ ಸಲ್ಲುವ ಮಾತು. ಅಯ್ಯನವರಿಗೆ ಇದು ತಿಳಿಯದೆ ಇರಲಿಲ್ಲ. ಟೇಪುಗಳನ್ನು ಹಾಗೇ ಮುಂಬಯಿಗೆ ಕಳಿಸಿದರು.

ಕಾಲ ಹೋಯಿತು. ಅಯ್ಯನವರು ಹೋದರು, ಪತ್ತಾರರ ಕೈ ನಡುಗಲು ಶುರುವಾಗಿ ಅವರೂ ಬಿಟ್ಟರು, ಬಾಯಿಯ ದನಿ ಒಡೆಯಿತು. ದ್ವೀಪದವರು ಶಾರ್ಟ್‌ವೇವ್ ಕೇಳುವವರಿಲ್ಲವೆಂದು ಕನ್ನಡ ನಿಲ್ಲಿಸಿದರು. ಈಗ ಇದೇ ಕೋಣೆಯಲ್ಲಿ ಕಂಪ್ಯೂಟರ್ ಇದೆ, ಗೋಡೆಗೆ ಬೂದು ಬಣ್ಣದ ಮೆತ್ತೆ ಬಂದಿದೆ. ಆಡಿದ ಮಾತು ಆಡಿದ ಗಳಿಗೆಯಲ್ಲೇ ಜನರ ಮೊಬೈಲಿಗೆ ಹೋಗುತ್ತದೆ. ನನ್ನನ್ನು ಮೂಲೆಯ ಕಪಾಟಿನಲ್ಲಿ, ಹಳೇ ಟೇಪಿನ ಡಬ್ಬಿಗಳ ಜೊತೆ ಇಟ್ಟಿದ್ದಾರೆ. ನನ್ನ ಪೊರೆ ಗಡುಸಾಗಿದೆ. ಸಣ್ಣ ಸದ್ದು ತಾಗುವುದಿಲ್ಲ.

ಮೊನ್ನೆ ಹೊಸದಾಗಿ ಬಂದಿರುವ ಹುಡುಗಿ ಮಾತಾಡುತ್ತ, ಆಸ್ಪತ್ರೆಯಲ್ಲಿರುವ ಯಾರದೋ ಹೆಸರು ಹೇಳಿ, ‘ಇವತ್ತು ಬೆಳಿಗ್ಗೆ ಕೇಳಿದೆ, ಈಗ ಸ್ವಲ್ಪ ಆರಾಮಿದ್ದಾರೆ’ ಅಂದಳು. ಇವತ್ತು ಎಂದರೆ ನಿಜವಾಗಿಯೂ ಇವತ್ತೇ. ಅವಳಿಗೆ ಅದು ದೊಡ್ಡ ವಿಷಯವೇ ಅಲ್ಲ, ಮುಂದಿನ ಹೆಸರಿಗೆ ಹೋದಳು. ನಾನು ಕಪಾಟಿನಲ್ಲಿ ಕೂತು ಆ ಒಂದು ಮಾತನ್ನು ಬಹಳ ಹೊತ್ತು ಕೇಳಿಕೊಂಡೆ.